ಪೆಟ್ರೋಲ್ ಮುಗಿದ ಉಪಗ್ರಹ

2025ರ ಜನವರಿ 16ರಂದು ಇಸ್ರೋದ ಎರಡು ಪುಟ್ಟ ಉಪಗ್ರಹಗಳು ಬಾಹ್ಯಾಕಾಶದಲ್ಲಿ ಒಂದಕ್ಕೊಂದು ಜೋಡಿಕೊಂಡವು. ಆ ಸುದ್ದಿಯನ್ನು ನಾನು ಅಬ್ಬಾಗೆ ಓದಿ ಹೇಳಿದ್ದು ಅವರ ಗ್ಯಾರೇಜಿನಲ್ಲಿ. ಅವರು ಒಂದು ಹಳೆಯ ಸ್ಕೂಟರಿನ ಕಾರ್ಬುರೇಟರ್ ಬಿಚ್ಚುತ್ತಾ ಕೂತಿದ್ದರು. ಕಾಲೇಜಿನಲ್ಲಿ ಕೇಳಿದ್ದನ್ನೂ ಸೇರಿಸಿ, "ಉಪಗ್ರಹಗಳು ಕೆಟ್ಟುಹೋಗುವುದಕ್ಕಿಂತ ಇಂಧನ ಮುಗಿದೇ ಸಾಯುವುದು ಹೆಚ್ಚಂತೆ" ಎಂದೆ. ಅವರು ತಲೆ ಎತ್ತಿ, "ಪೆಟ್ರೋಲ್ ಮುಗಿದರೆ ಗಾಡಿಯನ್ನು ಗುಜರಿಗೆ ಹಾಕುತ್ತಾರಾ?" ಎಂದು ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನ ಭೌತಶಾಸ್ತ್ರದ ಸರ್ ಹತ್ತಿರ ಕೇಳಿದೆ. ಅವರು ನಕ್ಕು, "ಹೌದು, ಹಾಕುತ್ತಾರೆ. ಯಾಕೆ ಅಂತ ನೀನೇ ಹುಡುಕಿ ನಮ್ಮ ಸಂಚಿಕೆಗೆ ಬರಿ" ಎಂದರು. ಹಾಗೆ ಹುಡುಕಿದಾಗ ಸಿಕ್ಕಿದ್ದು ಈ ಲೇಖನ.

ಮೊದಲು, ಉಪಗ್ರಹಕ್ಕೆ ಇಂಧನ ಯಾತಕ್ಕೆ ಬೇಕು? ಭೂಮಿಯನ್ನು ಸುತ್ತುವುದಕ್ಕೆ ಬೇಡ. ಅದಕ್ಕೆ ಗುರುತ್ವಾಕರ್ಷಣೆ ಮತ್ತು ಮೊದಲೇ ಕೊಟ್ಟ ವೇಗ ಸಾಕು. ಕರೆಂಟಿಗೂ ಬೇಡ, ಸೌರ ಫಲಕಗಳಿವೆ. ಇಂಧನ ಬೇಕಾಗುವುದು ತನ್ನ ಜಾಗದಲ್ಲಿ ನಿಲ್ಲುವುದಕ್ಕೆ. ಟಿವಿ, ಹವಾಮಾನ, ದೂರಸಂಪರ್ಕದ ದೊಡ್ಡ ಉಪಗ್ರಹಗಳಲ್ಲಿ ಬಹಳಷ್ಟು ಸಮಭಾಜಕ ವೃತ್ತದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿ ಒಂದು ಸುತ್ತಿಗೆ ಭೂಮಿಯ ಒಂದು ಸುತ್ತಿನಷ್ಟೇ ಸಮಯ ಹಿಡಿಯುವುದರಿಂದ ನೆಲದಿಂದ ನೋಡಿದರೆ ಉಪಗ್ರಹ ಒಂದೇ ಕಡೆ ನಿಂತಂತೆ ಕಾಣುತ್ತದೆ. ನಮ್ಮ ಮನೆಗಳ ಮೇಲಿನ ಡಿಶ್ ಅಲುಗಾಡದೆ ಒಂದೇ ದಿಕ್ಕಿಗೆ ಮುಖ ಮಾಡಿರುವುದು ಈ ಕಾರಣಕ್ಕೆ.

ಆದರೆ ಚಂದ್ರ ಮತ್ತು ಸೂರ್ಯ ಸುಮ್ಮನಿರುವುದಿಲ್ಲ. ಇಬ್ಬರೂ ಸೇರಿ ಉಪಗ್ರಹದ ಕಕ್ಷೆಯನ್ನು ವರ್ಷಕ್ಕೆ ಒಂದು ಡಿಗ್ರಿಗೆ ಸ್ವಲ್ಪ ಕಡಿಮೆಯಷ್ಟು ಓರೆ ಮಾಡುತ್ತಾರೆ. ಹಾಗೇ ಬಿಟ್ಟರೆ ಉಪಗ್ರಹ ದಿನವೂ ಆಕಾಶದಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ತೂಗಾಡತೊಡಗುತ್ತದೆ, ಡಿಶ್‌ಗೆ ಸಿಗುವುದಿಲ್ಲ. ಇದನ್ನು ಸರಿಪಡಿಸಲು ಸಣ್ಣ ಎಂಜಿನ್‌ಗಳನ್ನು ಆಗಾಗ ಉರಿಸಿ ವರ್ಷಕ್ಕೆ ಒಟ್ಟು ಸೆಕೆಂಡಿಗೆ ಸುಮಾರು 50 ಮೀಟರ್ ವೇಗದ ಬದಲಾವಣೆ ಕೊಡಬೇಕು. 15 ವರ್ಷಕ್ಕೆ 750 ಮೀಟರ್. ಎಂಜಿನ್‌ನಿಂದ ಹೊರಬರುವ ಅನಿಲದ ವೇಗ ಸೆಕೆಂಡಿಗೆ 3 ಕಿಲೋಮೀಟರ್ ಎಂದಿಟ್ಟುಕೊಂಡು ರಾಕೆಟ್ ಸಮೀಕರಣದಲ್ಲಿ ಹಾಕಿ ನೋಡಿ. ಜಾಗದಲ್ಲಿ ನಿಲ್ಲುವುದಕ್ಕೇ ಉಪಗ್ರಹದ ತೂಕದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಇಂಧನ ಬೇಕಾಗುತ್ತದೆ. ನಾನು ಲೆಕ್ಕ ಮಾಡಿ ಸರ್‌ಗೆ ತೋರಿಸಿದೆ. 22 ಶೇಕಡಾ ಬಂತು.

ನಮ್ಮ ದೇಶದ ಇಂಥ ಉಪಗ್ರಹಗಳನ್ನು ನೋಡಿಕೊಳ್ಳುವುದು ಹಾಸನದಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ. ಬಸ್ಸಿನಲ್ಲಿ ಹಾಸನ ದಾಟುವಾಗ ಇದು ನಮಗೆ ನೆನಪಾಗುವುದಿಲ್ಲ. ಆ ಕೇಂದ್ರದ ಕತೆ ಶುರುವಾದದ್ದೇ ಒಂದು ನಷ್ಟದಿಂದ. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ಏಳು ವರ್ಷ ಬಾಳಬೇಕಾಗಿತ್ತು. ತೊಂದರೆಗಳ ಮೇಲೆ ತೊಂದರೆ ಬಂದು, ದಿಕ್ಕು ಹಿಡಿದು ನಿಲ್ಲಿಸುವ ಇಂಧನ ಬರಿದಾಗಿ, ಕೆಲವೇ ತಿಂಗಳಲ್ಲಿ ಅದನ್ನು ಕೈಬಿಡಬೇಕಾಯಿತು.

ಹಾಗಾಗದೆ ಪೂರ್ಣ ಆಯಸ್ಸು ಬಾಳಿದ ಉಪಗ್ರಹದ ಕೊನೆಯೂ ಒಂದು ರೀತಿಯಲ್ಲಿ ಬೇಸರದ್ದೇ. ಕೊನೆಯ ಕೆಲವು ಕಿಲೋ ಇಂಧನವನ್ನು ಜೋಪಾನವಾಗಿ ಉಳಿಸಿಕೊಂಡು, ಅದರಿಂದ ಉಪಗ್ರಹವನ್ನು ಸುಮಾರು 300 ಕಿಲೋಮೀಟರ್ ಮೇಲಕ್ಕೆ ತಳ್ಳುತ್ತಾರೆ. ಆ ಕಕ್ಷೆಗೆ ಸ್ಮಶಾನ ಕಕ್ಷೆ ಎಂದೇ ಹೆಸರು. ನಂತರ ಸ್ವಿಚ್ ಆಫ್. ಎಷ್ಟೋ ಸಲ ಆಗ ಸೌರ ಫಲಕ, ಆಂಟೆನಾ, ಟ್ರಾನ್ಸ್‌ಪಾಂಡರ್ ಎಲ್ಲವೂ ಚೆನ್ನಾಗಿಯೇ ಇರುತ್ತವೆ. ವುಝೂ ಮಾಡುವಾಗ ನಲ್ಲಿಯನ್ನು ಪೂರ್ತಿ ತಿರುಗಿಸಿದರೆ "ಇಸ್ರಾಫ್" ಎಂದು ಗದರುವ ನಮ್ಮ ದೀನಿಯಾತ್ ಉಸ್ತಾದರು ಇದನ್ನು ಕೇಳಿದರೆ ಏನೆನ್ನುತ್ತಾರೋ ಎಂದು ಯೋಚಿಸಿದೆ.

ಹಾಗಾದರೆ ಮೇಲೆ ಹೋಗಿ ಇಂಧನ ತುಂಬಿಸಬಾರದೇ? ರಿಪೇರಿಗಾಗಿ ಮನುಷ್ಯರು ಮೇಲೆ ಹೋಗಿದ್ದಾರೆ, ಆದರೆ ಕೆಳಗಿನ ಕಕ್ಷೆಗೆ ಮಾತ್ರ. ಹಬಲ್ ದೂರದರ್ಶಕವನ್ನು 1993ರಿಂದ 2009ರವರೆಗೆ ಐದು ಸಲ ಗಗನಯಾತ್ರಿಗಳು ರಿಪೇರಿ ಮಾಡಿ ಬಂದರು. ಅದಿರುವುದು ಆರುನೂರು ಕಿಲೋಮೀಟರಿಗೂ ಒಳಗೆ. 36 ಸಾವಿರ ಕಿಲೋಮೀಟರ್ ಎತ್ತರಕ್ಕೆ ರಿಪೇರಿಗೆಂದು ಇದುವರೆಗೆ ಯಾರೂ ಹೋಗಿಲ್ಲ. ವಿಕಿರಣ ಹೆಚ್ಚು, ಖರ್ಚು ವಿಪರೀತ. ಆದ್ದರಿಂದ ರೋಬೋಟ್.

ಮನುಷ್ಯರು ಹೋದಾಗಲೂ ಸುಲಭವಾಗಿರಲಿಲ್ಲ. 1984ರ ಏಪ್ರಿಲ್‌ನಲ್ಲಿ ಚಾಲೆಂಜರ್ ನೌಕೆಯಿಂದ ಜಾರ್ಜ್ ನೆಲ್ಸನ್ ಎಂಬ ಗಗನಯಾತ್ರಿ ಬೆನ್ನಿಗೆ ಜೆಟ್ ಕಟ್ಟಿಕೊಂಡು ಸೋಲಾರ್ ಮ್ಯಾಕ್ಸ್ ಎಂಬ ಕೆಟ್ಟ ಉಪಗ್ರಹದ ಹತ್ತಿರ ಹೋದರು. ಅದರ ಮೈಮೇಲಿದ್ದ ಒಂದು ಗೂಟಕ್ಕೆ ತಮ್ಮ ಎದೆಯ ಮುಂದಿದ್ದ ಸಾಧನವನ್ನು ಸಿಕ್ಕಿಸಬೇಕಿತ್ತು. ಮೂರು ಸಲ ಒತ್ತಿದರೂ ಕೂರಲಿಲ್ಲ. ಒತ್ತಿದ ರಭಸಕ್ಕೆ ಉಪಗ್ರಹವೇ ಅಡ್ಡಾದಿಡ್ಡಿ ತಿರುಗತೊಡಗಿತು. ಆಮೇಲೆ ತಿಳಿದದ್ದು ಇಷ್ಟು: ಗೂಟದ ಪಕ್ಕದಲ್ಲಿ ಹೊದಿಕೆಯನ್ನು ಹಿಡಿದಿಡುವ ಒಂದು ಸಣ್ಣ ಗುಬ್ಬಿ ಇತ್ತು, ನಕ್ಷೆಯಲ್ಲಿ ಅದು ಇರಲಿಲ್ಲ. ಕೊನೆಗೆ ನೌಕೆಯ ರೋಬೋಟ್ ತೋಳಿನಿಂದ ಹಿಡಿದು, ರಿಪೇರಿ ಮಾಡಿ ಬಿಟ್ಟರು. ಇದನ್ನು ಅಬ್ಬಾಗೆ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಕಂಪನಿಯ ಮ್ಯಾನುಯಲ್‌ನಲ್ಲಿ ಇಲ್ಲದ ಬೋಲ್ಟ್ ಎದುರಾಗುವುದು ಅವರಿಗೆ ದಿನದ ಮಾತು.

ಈಗ ರೋಬೋಟ್ ಮಾಡಬೇಕಾದ ಕೆಲಸವನ್ನು ಒಂದೊಂದಾಗಿ ನೋಡೋಣ. ಮೊದಲನೆಯದು ಹತ್ತಿರ ಹೋಗುವುದು. ಪ್ರಥಮ ಪಿಯುಸಿಯ ಗುರುತ್ವಾಕರ್ಷಣೆ ಪಾಠ ಇಲ್ಲಿ ನೇರವಾಗಿ ಬರುತ್ತದೆ. ಮುಂದೆ ಹೋಗುತ್ತಿರುವ ಬೈಕನ್ನು ಹಿಡಿಯಬೇಕಾದರೆ ನಾವು ಎಕ್ಸಲೇಟರ್ ತಿರುಗಿಸುತ್ತೇವೆ. ಕಕ್ಷೆಯಲ್ಲಿ ಹಾಗೆ ಮಾಡಿದರೆ ಹಿಂದೆ ಬೀಳುತ್ತೇವೆ! ವೇಗ ಹೆಚ್ಚಿಸಿದಾಗ ಕಕ್ಷೆ ದೊಡ್ಡದಾಗುತ್ತದೆ, ದೊಡ್ಡ ಕಕ್ಷೆಯ ಒಂದು ಸುತ್ತಿಗೆ ಹೆಚ್ಚು ಸಮಯ ಬೇಕು. ಹಾಗಾಗಿ ಮುಂದಿನದನ್ನು ಹಿಡಿಯಲು ಮೊದಲು ಬ್ರೇಕ್ ಹಾಕಬೇಕು, ಕೆಳಗಿನ ಕಕ್ಷೆಗೆ ಇಳಿಯಬೇಕು, ಅಲ್ಲಿ ಬೇಗ ಸುತ್ತಿ ಅಂತರ ಕಡಿಮೆ ಮಾಡಿಕೊಂಡು ಮತ್ತೆ ಮೇಲೇರಬೇಕು. ಕೆಪ್ಲರ್‌ನ ಮೂರನೇ ನಿಯಮವನ್ನು ನಾನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ, ಅದು ಇಷ್ಟು ತಮಾಷೆಯಾಗಿದೆ ಎಂದು ಗೊತ್ತಿರಲಿಲ್ಲ.

ಅಲ್ಲಿ ತಾನು ಯಾವ ದಿಕ್ಕಿಗೆ ತಿರುಗಿದ್ದೇನೆ ಎಂದು ರೋಬೋಟ್ ತಿಳಿಯುವುದು ನಕ್ಷತ್ರಗಳನ್ನು ನೋಡಿ. ಅದಕ್ಕೆಂದೇ ಸ್ಟಾರ್ ಟ್ರ್ಯಾಕರ್ ಎಂಬ ಕ್ಯಾಮೆರಾ ಇರುತ್ತದೆ. ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ. ನಾವು ರೋಹಿಣಿ ಎನ್ನುವ ನಕ್ಷತ್ರಕ್ಕೆ ಇಂಗ್ಲಿಷಿನಲ್ಲೂ ಅಲ್ಡೆಬರಾನ್ ಎಂಬ ಅರಬ್ಬಿ ಹೆಸರೇ ಉಳಿದಿದೆ. ಅದರ ಅರ್ಥ ಹಿಂಬಾಲಿಸುವವನು, ಅಂದರೆ ಕೃತ್ತಿಕೆಯ ಹಿಂದೆ ಬರುವವನು. ಬೆನ್ನಟ್ಟುವ ಉಪಗ್ರಹಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ನನಗೆ ಹೊಳೆಯಲಿಲ್ಲ.

ಎರಡನೆಯದು ಹಿಡಿಯುವುದು. ನೆಲದ ಮೇಲೆ ಸ್ಪ್ಯಾನರ್ ತಿರುಗಿಸುವಾಗ ನಮ್ಮ ಕಾಲು ನೆಲದಲ್ಲಿ ಊರಿರುತ್ತದೆ. ಅಲ್ಲಿ ಊರಲು ಏನೂ ಇಲ್ಲ. ರೋಬೋಟ್ ತೋಳನ್ನು ಬಲಕ್ಕೆ ಬೀಸಿದರೆ ಮೈ ಎಡಕ್ಕೆ ತಿರುಗುತ್ತದೆ. ಕೋನೀಯ ಸಂವೇಗದ ಸಂರಕ್ಷಣೆ ಯಾರನ್ನೂ ಬಿಡುವುದಿಲ್ಲ. ಹಾಗಾಗಿ ತೋಳಿನ ಪ್ರತಿ ಚಲನೆಗೂ ಮೈಯನ್ನು ಎಷ್ಟು ಹಿಂದಕ್ಕೆ ತಿರುಗಿಸಬೇಕೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತಲೇ ಇರಬೇಕು. ಇನ್ನು ನೆಲದಿಂದ ಜಾಯ್‌ಸ್ಟಿಕ್ ಹಿಡಿದು ಆಡಿಸೋಣವೆಂದರೆ, ಆ ಎತ್ತರಕ್ಕೆ ಬೆಳಕು ಹೋಗಿ ಬರುವುದಕ್ಕೇ ಸುಮಾರು ಕಾಲು ಸೆಕೆಂಡ್. ಉಳಿದ ಯಂತ್ರಗಳ ತಡ ಅದರ ಮೇಲೆ. ಕೊನೆಯ ಕೆಲವು ಮೀಟರ್‌ಗಳಲ್ಲಿ ರೋಬೋಟ್ ತನ್ನ ಕಣ್ಣಿನಿಂದಲೇ ನೋಡಿ ತಾನೇ ತೀರ್ಮಾನಿಸಬೇಕು.

ಮೂರನೆಯದು ಮುಚ್ಚಳ ತೆಗೆಯುವುದು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಉಪಗ್ರಹಕ್ಕೆ ನೆಲದ ಮೇಲೆ ಒಂದೇ ಸಲ ಇಂಧನ ತುಂಬಿಸುತ್ತಾರೆ. ತುಂಬಿಸಿ, ಕವಾಟ ಮುಚ್ಚಿ, ಅದರ ಮೇಲೆ ಮುಚ್ಚಳ ತಿರುಗಿಸಿ, ಅದು ಅದುರಿ ಸಡಿಲವಾಗದಂತೆ ಸಣ್ಣ ತಂತಿಯಿಂದ ಬಿಗಿದು, ಎಲ್ಲದರ ಮೇಲೆ ಚಿನ್ನ ಬೆಳ್ಳಿಯ ಬಣ್ಣದ ಶಾಖನಿರೋಧಕ ಹೊದಿಕೆ ಹೊದಿಸುತ್ತಾರೆ. ಮತ್ತೆ ಯಾರೂ ಅದನ್ನು ತೆರೆಯುವುದಿಲ್ಲ ಎಂಬುದೇ ಅದನ್ನು ಮಾಡಿದವರ ನಂಬಿಕೆ.

ಇದನ್ನು ರೋಬೋಟ್ ತೆರೆಯಬಲ್ಲದೇ ಎಂದು ನೋಡಲು ನಾಸಾ 2011ರ ಜುಲೈನಲ್ಲಿ, ಸ್ಪೇಸ್ ಶಟಲ್‌ನ ಕಟ್ಟಕಡೆಯ ಯಾನದಲ್ಲಿ, ವಾಷಿಂಗ್ ಮೆಷಿನ್ ಗಾತ್ರದ ಒಂದು ಪೆಟ್ಟಿಗೆಯನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳುಹಿಸಿತು. ಪೆಟ್ಟಿಗೆಯ ಮೈಮೇಲೆ ನಿಜವಾದ ಉಪಗ್ರಹಗಳಲ್ಲಿರುವಂಥದೇ ಕವಾಟ, ಮುಚ್ಚಳ, ತಂತಿ, ಹೊದಿಕೆ. ನಿಲ್ದಾಣದ ಹೊರಗೆ ಕೆಲಸ ಮಾಡುವ ಕೆನಡಾದ ಡೆಕ್ಸ್‌ಟರ್ ಎಂಬ ಎರಡು ಕೈಗಳ ರೋಬೋಟ್ ಇದರ ಮೆಕ್ಯಾನಿಕ್. ಅದನ್ನು ಭೂಮಿಯಿಂದಲೇ ನಡೆಸಿದರು. ತೆಳು ತಂತಿಯ ಸಂದಿಯಲ್ಲಿ ಕತ್ತರಿ ತೂರಿಸಬೇಕು. ಪಕ್ಕದಲ್ಲಿ ಮಿಲಿಮೀಟರ್ ಲೆಕ್ಕದ ಜಾಗ ಮಾತ್ರ. ಬಿಸಿಲು ಬಿದ್ದ ಕಡೆ ಕಣ್ಣು ಕುಕ್ಕುವ ಹೊಳಪು, ನೆರಳಿರುವ ಕಡೆ ಕಗ್ಗತ್ತಲು. ಕತ್ತರಿಸಿದ ಚೂರು ತೇಲಿ ಹೋಗಬಾರದು, ಹೋದರೆ ಅದೇ ಇನ್ನೊಂದು ಉಪಗ್ರಹಕ್ಕೆ ಗುಂಡು. 2013ರ ಜನವರಿಯಲ್ಲಿ ಡೆಕ್ಸ್‌ಟರ್ ತಂತಿ ಕತ್ತರಿಸಿ, ಮುಚ್ಚಳಗಳನ್ನು ಬಿಚ್ಚಿ, ಕೊಳವೆ ಜೋಡಿಸಿ ದ್ರವ ಹರಿಸಿತು. ಹರಿಸಿದ್ದು ಎರಡು ಲೀಟರಿಗೂ ಕಡಿಮೆ ಎಥನಾಲ್. ಇಷ್ಟು ಮಾಡಲು ಹಲವು ದಿನ ಹಿಡಿಯಿತು. ಅಬ್ಬಾ ಕೇಳಿ, "ಹೊಸ ಹುಡುಗ ಕೆಲಸ ಕಲಿಯುವಾಗ ಹಾಗೇ" ಎಂದರು.

ಎಥನಾಲ್ ಬಳಸಿದ್ದಕ್ಕೆ ಕಾರಣವಿದೆ. ನಿಜವಾದ ಇಂಧನ ಹೈಡ್ರಜೀನ್ ಬಹಳ ವಿಷ, ಮೇಲಾಗಿ ಮುಂಗೋಪಿ. ಸೈಕಲ್ ಪಂಪ್ ಜೋರಾಗಿ ಹೊಡೆದರೆ ತುದಿ ಬಿಸಿಯಾಗುವುದು ನಮಗೆಲ್ಲ ಗೊತ್ತು. ಟ್ಯಾಂಕಿಗೆ ಇಂಧನ ರಭಸದಿಂದ ನುಗ್ಗಿದರೆ ಒಳಗಿನ ಅನಿಲ ಒತ್ತಿಕೊಂಡು ಹಾಗೆಯೇ ಬಿಸಿಯಾಗುತ್ತದೆ, ಹೈಡ್ರಜೀನ್ ಆವಿ ಒಡೆದು ಸ್ಫೋಟವಾಗಬಹುದು. ಆದ್ದರಿಂದ ನಿಧಾನವಾಗಿ ತುಂಬಿಸಬೇಕು. ಇನ್ನೊಂದು ತೊಡಕು, ತೂಕವಿಲ್ಲದ ಕಡೆ ಟ್ಯಾಂಕಿಗೆ ತಳ ಎಂಬುದೇ ಇಲ್ಲ. ದ್ರವ ಉಂಡೆಯಾಗಿ ಎಲ್ಲೋ ತೇಲುತ್ತದೆ, ಕೊಳವೆಗೆ ಅನಿಲ ಬಂದೀತು. ಇದಕ್ಕೆ ಕೆಲವು ಟ್ಯಾಂಕುಗಳಲ್ಲಿ ಬಲೂನಿನಂಥ ಚೀಲ ಇಟ್ಟು ಹೊರಗಿನಿಂದ ಅನಿಲದ ಒತ್ತಡ ಕೊಟ್ಟು ದ್ರವವನ್ನು ಹಿಂಡುತ್ತಾರೆ. ಇನ್ನು ಕೆಲವದರಲ್ಲಿ ತೆಳು ಲೋಹದ ಪಟ್ಟಿಗಳಿದ್ದು, ಮೇಲ್ಮೈ ಎಳೆತದಿಂದ ದ್ರವ ಅವುಗಳ ಮೇಲೆ ಹರಿದು ಬಾಯಿಯ ಹತ್ತಿರ ಬರುತ್ತದೆ.

ನಿಜವಾದ ಹೈಡ್ರಜೀನ್ ಅನ್ನು ಒಂದು ಉಪಗ್ರಹದಿಂದ ಇನ್ನೊಂದಕ್ಕೆ ತಾನಾಗಿ ದಾಟಿಸಿದ್ದೂ ಉಂಟು. 2007ರಲ್ಲಿ ಅಮೆರಿಕದ ಆರ್ಬಿಟಲ್ ಎಕ್ಸ್‌ಪ್ರೆಸ್ ಎಂಬ ಪ್ರಯೋಗದಲ್ಲಿ ಆಸ್ಟ್ರೋ ಎಂಬ ಉಪಗ್ರಹ ನೆಕ್ಸ್ಟ್‌ಸ್ಯಾಟ್ ಎಂಬುದಕ್ಕೆ ಇಂಧನ ಕೊಟ್ಟು, ತೋಳಿನಿಂದ ಬ್ಯಾಟರಿಯನ್ನೂ ಹಾಕಿತು. ಅದಕ್ಕೂ ಮೊದಲು, 1998ರಲ್ಲಿ, ಜಪಾನಿನ ಜೋಡಿ ಉಪಗ್ರಹಗಳು ಮನುಷ್ಯರ ನೆರವಿಲ್ಲದೆ ಬೇರ್ಪಟ್ಟು ಮತ್ತೆ ಕೂಡಿದ್ದವು. ಆದರೆ ಇವೆಲ್ಲ ಒಂದಕ್ಕೊಂದು ಹೊಂದುವಂತೆ ಮೊದಲೇ ಮಾಡಿದ ಜೋಡಿಗಳು. ಮುಚ್ಚಳ ತೆರೆಯಲೆಂದೇ ಇಟ್ಟಿದ್ದರು.

ಏನೂ ಸಿದ್ಧತೆ ಇಲ್ಲದ ಹಳೆಯ ಉಪಗ್ರಹಕ್ಕೆ ಇಂಧನ ತುಂಬಿಸಲು ನಾಸಾ ಓಸಾಮ್-1 ಎಂಬ ರೋಬೋಟ್ ಕಟ್ಟುತ್ತಿತ್ತು. 1999ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್-7 ಅದರ ರೋಗಿ. ಕೆಲಸ ತಡವಾಯಿತು, ಖರ್ಚು ಏರಿತು, 2024ರ ಮಾರ್ಚ್‌ನಲ್ಲಿ ನಾಸಾ ಯೋಜನೆಯನ್ನೇ ರದ್ದು ಮಾಡುವುದಾಗಿ ಹೇಳಿತು. ಸಿದ್ಧತೆಯಿಲ್ಲದ ಉಪಗ್ರಹಕ್ಕೆ ಇಂಧನ ತುಂಬಿಸುವ ಹಾದಿಯಿಂದ ಎಲ್ಲರೂ ಬೇರೆ ಕಡೆ ಸರಿಯುತ್ತಿದ್ದಾರೆ ಎಂಬುದೂ ಕೊಟ್ಟ ಕಾರಣಗಳಲ್ಲಿ ಒಂದು. ಸರ್ ಇದನ್ನು ಸರಿಯಾದ ತೀರ್ಮಾನ ಎನ್ನುತ್ತಾರೆ: ಒಂದು ಹಳೆಯ ಗಾಡಿಯ ರಿಪೇರಿಗೆ ಹತ್ತು ಹೊಸ ಗಾಡಿಯ ದುಡ್ಡು ಸುರಿಯುವುದು ಬುದ್ಧಿವಂತಿಕೆಯಲ್ಲ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಮೊದಲ ರಿಪೇರಿ ಯಾವಾಗಲೂ ದುಬಾರಿ, ಅದರಲ್ಲಿ ಕಲಿತದ್ದು ಮುಂದಿನದಕ್ಕೆ ಬರುತ್ತದೆ. ಅರ್ಧಕ್ಕೆ ನಿಲ್ಲಿಸಿದರೆ ಕಲಿಕೆಯೂ ಅರ್ಧ. ಈ ವಿಷಯದಲ್ಲಿ ನಾವಿಬ್ಬರೂ ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು ಇಡೀ ಇಂಟರ್‌ವಲ್ ಕಳೆದೆವು.

ಆದರೆ ಮುಚ್ಚಳದ ಗೊಡವೆಯೇ ಬೇಡವೆಂದು ಯೋಚಿಸಿದವರು ಗೆದ್ದಿದ್ದಾರೆ ಎಂಬುದನ್ನು ನಾನು ಒಪ್ಪಲೇಬೇಕು. ನಾರ್ತ್‌ರಾಪ್ ಗ್ರಮ್ಮನ್ ಕಂಪನಿಯ ಎಂಇವಿ-1 ಎಂಬ ನೌಕೆ 2019ರ ಅಕ್ಟೋಬರ್‌ನಲ್ಲಿ ಹಾರಿತು. 2001ರಲ್ಲಿ ಹಾರಿದ್ದ ಇಂಟೆಲ್‌ಸ್ಯಾಟ್-901 ಇಂಧನ ಮುಗಿಯುವ ಹಂತದಲ್ಲಿತ್ತು. ಅದಕ್ಕೆ ಹಿಡಿಯಲು ಹಿಡಿಕೆ ಇಲ್ಲ, ಆದರೆ ಹಿಂದೆ ಎಂಜಿನ್ನಿನ ಬಾಯಿ ಇದೆಯಲ್ಲ? ಎಂಇವಿ ತನ್ನ ಉದ್ದನೆಯ ಕಡ್ಡಿಯನ್ನು ಆ ಕೊಳವೆಯೊಳಗೆ ತೂರಿಸಿ, ಕಿರಿದಾದ ಗಂಟಲನ್ನು ದಾಟಿದ ಮೇಲೆ ತುದಿಯನ್ನು ಅಗಲಿಸಿ, ಹಿಂದಕ್ಕೆ ಎಳೆದು ಬಿಗಿಯಾಗಿ ಕೂತುಬಿಟ್ಟಿತು. ಅದು 2020ರ ಫೆಬ್ರವರಿ 25. ಅಂದಿನಿಂದ ಎಂಇವಿಯೇ ತನ್ನ ಎಂಜಿನ್‌ಗಳಿಂದ ಇಬ್ಬರನ್ನೂ ಹೊತ್ತಿತು. ಪೆಟ್ರೋಲ್ ಮುಗಿದ ಬೈಕನ್ನು ಇನ್ನೊಬ್ಬ ಕಾಲು ಕೊಟ್ಟು ತಳ್ಳಿಕೊಂಡು ಹೋಗುವುದನ್ನು ನೋಡಿದ್ದೀರಲ್ಲ, ಥೇಟ್ ಹಾಗೆ. ಹಳೆಯ ಉಪಗ್ರಹ ಐದು ವರ್ಷ ಮತ್ತೆ ದುಡಿಯಿತು. 2025ರಲ್ಲಿ ಎಂಇವಿ ಅದನ್ನು ಸ್ಮಶಾನ ಕಕ್ಷೆಯಲ್ಲಿ ಬಿಟ್ಟು ಬೇರೆ ಗಿರಾಕಿಯ ಕಡೆ ಹೊರಟಿತು. ಎಂಇವಿ-2 ಕೂಡ 2021ರ ಏಪ್ರಿಲ್‌ನಲ್ಲಿ ಇನ್ನೊಂದು ಇಂಟೆಲ್‌ಸ್ಯಾಟ್‌ಗೆ ಹೆಗಲು ಕೊಟ್ಟಿತು.

ನಮ್ಮ ದೇಶ ಎಲ್ಲಿದೆ? ನಾನು ಮೊದಲು ಹೇಳಿದ ಆ ಜೋಡಿಯ ಹೆಸರು ಸ್ಪೇಡೆಕ್ಸ್. 2024ರ ಡಿಸೆಂಬರ್ 30ರಂದು ಶ್ರೀಹರಿಕೋಟಾದಿಂದ ಪಿಎಸ್ಎಲ್‌ವಿ-ಸಿ60 ಅವೆರಡನ್ನೂ ಒಯ್ದಿತು. ಒಂದೊಂದೂ ಸುಮಾರು 220 ಕಿಲೋ. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದ ಮುಂದಾಳತ್ವದಲ್ಲಿ ತಯಾರಾದವು, ನಿಯಂತ್ರಣವೂ ಬೆಂಗಳೂರಿನಿಂದಲೇ. ಜೋಡಣೆಯನ್ನು ಎರಡು ಸಲ ಮುಂದೂಡಬೇಕಾಯಿತು. ಜನವರಿ 12ರಂದು ಮೂರು ಮೀಟರ್ ಹತ್ತಿರಕ್ಕೆ ಬಂದು ಮತ್ತೆ ದೂರ ಸರಿದವು. ಆಗ ನಮ್ಮ ಕ್ಲಾಸಿನಲ್ಲಿ ಕೆಲವರು ಫೇಲ್ ಆಯಿತು ಎಂದು ನಕ್ಕರು. ಅದು ಫೇಲ್ ಅಲ್ಲ, ಅಭ್ಯಾಸ. ಎರಡೂ ಗಂಟೆಗೆ 27 ಸಾವಿರ ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತಾ, ಒಂದನ್ನೊಂದು ಮುಟ್ಟುವಾಗಿನ ವೇಗ ಮಾತ್ರ ಸೆಕೆಂಡಿಗೆ ಸುಮಾರು ಒಂದು ಸೆಂಟಿಮೀಟರ್ ಇರಬೇಕಿತ್ತು. ಇರುವೆಯ ನಡಿಗೆ! 16ರಂದು ಕೂಡಿದವು. ಮಾರ್ಚ್ 13ರಂದು ಬೇರ್ಪಟ್ಟವು. ಏಪ್ರಿಲ್ 20ರಂದು ಮತ್ತೆ ಕೂಡಿ, ಆಮೇಲೆ ಒಂದರಿಂದ ಇನ್ನೊಂದಕ್ಕೆ ವಿದ್ಯುತ್ ಹರಿಸಿ ತೋರಿಸಿದವು. ಇಂಧನ ಅಲ್ಲ, ವಿದ್ಯುತ್. ಅದೇ ರಾಕೆಟ್ಟಿನ ಕೊನೆಯ ಹಂತದಲ್ಲಿ ಹುಳುವಿನಂತೆ ಒಂದೊಂದು ತುದಿಯನ್ನು ಊರಿ ನಡೆಯುವ ಏಳು ಕೀಲುಗಳ ರೋಬೋಟ್ ತೋಳನ್ನೂ, ತೇಲುವ ಚೂರನ್ನು ಹಿಡಿಯುವ ಇನ್ನೊಂದು ತೋಳನ್ನೂ ಇಸ್ರೋ ಪ್ರಯೋಗಕ್ಕೆ ಕಳುಹಿಸಿತ್ತು. ಬೆನ್ನಟ್ಟುವುದು, ಜೋಡಿಸುವುದು, ತೋಳು ಆಡಿಸುವುದು ಎಲ್ಲವೂ ಬಿಡಿಬಿಡಿಯಾಗಿ ಬಂದಿವೆ. ಇವನ್ನೆಲ್ಲ ಸೇರಿಸಿ ಒಬ್ಬ ಮೆಕ್ಯಾನಿಕ್ ಆಗಬೇಕು.

ಇದರಲ್ಲಿ ಒಂದು ಅಂಜಿಕೆಯೂ ಇದೆ. 2022ರ ಜನವರಿಯಲ್ಲಿ ಚೀನಾದ ಶಿಜಿಯಾನ್-21 ಎಂಬ ಉಪಗ್ರಹ ತಮ್ಮದೇ ದೇಶದ ಸತ್ತ ಬೈಡೂ ಉಪಗ್ರಹವನ್ನು ಹಿಡಿದು ಎಳೆದೊಯ್ದು ಮೇಲಿನ ಕಕ್ಷೆಯಲ್ಲಿ ಬಿಟ್ಟು ಬಂತು. ಒಳ್ಳೆಯ ಕೆಲಸವೇ. ಆದರೆ ಸತ್ತದ್ದನ್ನು ಎಳೆಯುವ ಕೈ ಬದುಕಿರುವುದನ್ನೂ ಎಳೆಯಬಲ್ಲದು. ತಂತಿ ಕತ್ತರಿಸುವ ಕತ್ತರಿಗೆ ಯಾವ ತಂತಿ ಎಂಬ ಭೇದವಿಲ್ಲ. ಇದನ್ನು ಬೇರೆ ದೇಶದವರು ಮಾಡಿದಾಗ ಮಾತ್ರ ಅಪಾಯ ಎನ್ನುವುದೂ ಸರಿಯಲ್ಲ, ಅಮೆರಿಕದ ಆರ್ಬಿಟಲ್ ಎಕ್ಸ್‌ಪ್ರೆಸ್ ನಡೆಸಿದ್ದೂ ಅಲ್ಲಿನ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆಯೇ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಉಪಗ್ರಹ ಸತ್ತರೂ ಅದು ಅದರ ದೇಶದ ಸ್ವತ್ತೇ, ಕೇಳದೆ ಮುಟ್ಟುವಂತಿಲ್ಲ. ಆದರೆ 36 ಸಾವಿರ ಕಿಲೋಮೀಟರ್ ದೂರದಲ್ಲಿ ಯಾರು ಯಾರನ್ನು ಮುಟ್ಟುತ್ತಿದ್ದಾರೆ ಎಂದು ಕಾವಲು ಕಾಯುವವರು ಯಾರು? ಸಿವಿಕ್ಸ್ ಓದುವ ಕಲಾ ವಿಭಾಗದ ಗೆಳೆಯರು ಇದರ ಬಗ್ಗೆ ಮುಂದಿನ ಸಂಚಿಕೆಗೆ ಬರೆಯಬೇಕೆಂದು ನನ್ನ ಕೋರಿಕೆ.

ಈಗ ಹೊಸ ಉಪಗ್ರಹಗಳಿಗೆ ತೆರೆಯಲು ಬರುವ ಇಂಧನದ ಬಾಯಿ ಇಡುವ ಮಾತು ನಡೆದಿದೆ. ಆರ್ಬಿಟ್ ಫ್ಯಾಬ್ ಎಂಬ ಅಮೆರಿಕದ ಕಂಪನಿ ಅಂಥ ಒಂದು ಬಾಯಿಯನ್ನು ತಯಾರಿಸಿದೆ. ಎಲ್ಲರೂ ಒಂದೇ ಅಳತೆಯದನ್ನು ಇಡುತ್ತಾರೋ, ಮೊಬೈಲ್ ಚಾರ್ಜರ್‌ಗಳ ಹಾಗೆ ಒಬ್ಬೊಬ್ಬರದು ಒಂದೊಂದಾಗುತ್ತದೋ ನೋಡಬೇಕು.

ಇಷ್ಟನ್ನೂ ಬರೆದು ಮುಗಿಸಿ, ಒಂದು ರಾತ್ರಿ ಅಬ್ಬಾಗೆ ಓದಿದೆ. ಪೂರ್ತಿ ಕೇಳಿ ಅವರು ಕೇಳಿದ್ದು ಒಂದೇ: "ಆ ರೋಬೋಟ್ ಕೆಟ್ಟರೆ?"

ಈ ಸಲ ನನ್ನ ಹತ್ತಿರ ಉತ್ತರವಿತ್ತು. 2014ರಲ್ಲಿ ಬಾಹ್ಯಾಕಾಶ ನಿಲ್ದಾಣದ ರೋಬೋಟ್ ವ್ಯವಸ್ಥೆಯ ಒಂದು ಕ್ಯಾಮೆರಾ ಕೆಟ್ಟಿತ್ತು. ಅದನ್ನು ಬಿಚ್ಚಿ ಬದಲಾಯಿಸಿದ್ದು ಯಾವ ಗಗನಯಾತ್ರಿಯೂ ಅಲ್ಲ, ಅದೇ ವ್ಯವಸ್ಥೆಯ ಡೆಕ್ಸ್‌ಟರ್. ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು, ಅದರ ಕೈಯಲ್ಲಿ ಎಷ್ಟು ಸೈಜಿನ ಸ್ಪ್ಯಾನರ್ ಇರುತ್ತದೆ ಎಂದು ಕೇಳಿದರು. ಅದನ್ನಿನ್ನೂ ಹುಡುಕುತ್ತಿದ್ದೇನೆ.